ಮೆಕ್ಲೀನ್ ಕೌಂಟಿಯ ಕೃಷಿ ಸಹಾಯಧನ: ಪಟ್ಟಿಯಲ್ಲಿ ಇರುವುದು, ಇಲ್ಲದಿರುವುದು

ಪ್ರಶ್ನೆ: ನಮ್ಮದು ದಾವಣಗೆರೆ ಹತ್ತಿರದ ಹಳ್ಳಿ. ಕೆಲಸದ ಮೇಲೆ ಅಮೆರಿಕಕ್ಕೆ ಬಂದು ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್‌ನಲ್ಲಿ ನೆಲೆಸಿದ್ದೇನೆ. ಊರಿನಲ್ಲಿ ತಂದೆಯವರು ಬೆಳೆಯುವುದೂ ಮೆಕ್ಕೆಜೋಳ, ಇಲ್ಲಿ ಊರು ದಾಟಿದೊಡನೆ ಕಾಣುವುದೂ ಮೆಕ್ಕೆಜೋಳ. ಈಚೆಗೆ ನಮ್ಮ ಮೆಕ್ಲೀನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಸರ್ಕಾರದ ಕೃಷಿ ಸಹಾಯಧನ ಪಡೆದವರ ಪಟ್ಟಿಯನ್ನು ನೋಡಿದೆ. ಕೆಲವರಿಗೆ ಲಕ್ಷಗಟ್ಟಲೆ ಡಾಲರ್, ಕೆಲವರಿಗೆ ನೂರು ಡಾಲರ್ ಕೂಡ ಇಲ್ಲ. ಟ್ರಸ್ಟ್‌ಗಳ ಹೆಸರುಗಳಿವೆ, ಹೊಲದ ಮುಖ ನೋಡದ ಪಟ್ಟಣವಾಸಿಗಳೂ ಇದ್ದಂತಿದೆ. ಕೆಲವು ವರ್ಷ ಮೊತ್ತ ಒಮ್ಮೆಲೇ ಏರಿದೆ. ಇದರಲ್ಲಿ ಅಕ್ರಮವಿದೆಯೇ? ತಂದೆಯವರಿಗೆ ಬರುವ ವರ್ಷಕ್ಕೆ 6,000 ರೂಪಾಯಿಯೊಂದಿಗೆ ಇದನ್ನು ಹೇಗೆ ಹೋಲಿಸಬೇಕು? ನಾವು ಕೆಲವು ಗೆಳೆಯರು ಸೇರಿ ಇಲ್ಲಿ 40 ಎಕರೆ ಕೊಂಡರೆ ನಮಗೂ ಈ ಹಣ ಬರುತ್ತದೆಯೇ?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಉತ್ತರಿಸಿ ಮುಂದುವರಿಯುತ್ತೇನೆ. ಆ ಪಟ್ಟಿಯಲ್ಲಿ ನಿಮಗೆ ವಿಚಿತ್ರವಾಗಿ ಕಂಡ ಸಂಗತಿಗಳಲ್ಲಿ ಬಹುಪಾಲು ಕಾನೂನನ್ನು ಮುರಿದು ಆದವಲ್ಲ, ಕಾನೂನಿನ ಪ್ರಕಾರವೇ ಆದವು. ಅಮೆರಿಕದ ಕೃಷಿ ಸಹಾಯಧನವು ರೈತನ ಬಡತನವನ್ನು ನೋಡಿ ಬರುವುದಿಲ್ಲ. ಈ ವರ್ಷ ಹೊಲದಲ್ಲಿ ಯಾವ ಪೈರು ನಿಂತಿದೆ ಎಂಬುದನ್ನು ನೋಡಿಯೂ ಬಹುಮಟ್ಟಿಗೆ ಬರುವುದಿಲ್ಲ. ಹಿಂದೆ ಯಾವಾಗಲೋ ಆ ಭೂಮಿಯ ದಾಖಲೆಗೆ ಸೇರಿಕೊಂಡ ಎಕರೆಯ ಲೆಕ್ಕವನ್ನು ಹಿಡಿದು ಬರುತ್ತದೆ. ಇದನ್ನು ಗಮನದಲ್ಲಿಟ್ಟುಕೊಂಡು ಓದಿದರೆ ಪಟ್ಟಿಯ ಅರ್ಧಕ್ಕಿಂತ ಹೆಚ್ಚು ಗೋಜಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಈ ಹಣವನ್ನು ಕೊಡುವುದು ಕೌಂಟಿ ಸರ್ಕಾರವಲ್ಲ, ಇಲಿನಾಯ್ ರಾಜ್ಯವೂ ಅಲ್ಲ. ಅಮೆರಿಕದ ಕೃಷಿ ಇಲಾಖೆಗೆ ಸೇರಿದ ಫಾರ್ಮ್ ಸರ್ವೀಸ್ ಏಜೆನ್ಸಿ, ಅಂದರೆ ರೈತರೆಲ್ಲರೂ ಎಫ್‌ಎಸ್‌ಎ ಎಂದು ಕರೆಯುವ ಸಂಸ್ಥೆ, ದೇಶದಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಕೌಂಟಿ ಕಚೇರಿಗಳ ಮೂಲಕ ಇದನ್ನು ಹಂಚುತ್ತದೆ. ಹಣದ ಮೂಲ 1933ರ ಅಕ್ಟೋಬರ್‌ನಲ್ಲಿ ಸ್ಥಾಪನೆಯಾದ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್. ಸರ್ಕಾರದ ಒಡೆತನದ ಈ ನಿಗಮಕ್ಕೆ ಖಜಾನೆಯಿಂದ 3,000 ಕೋಟಿ ಡಾಲರ್‌ವರೆಗೆ ಸಾಲ ಎತ್ತುವ ಅಧಿಕಾರವಿದೆ. ನಿಮ್ಮ ಕೌಂಟಿ ಈ ವ್ಯವಸ್ಥೆಯ ಅಂಚಿನಲ್ಲಿಲ್ಲ, ನಡುವಿನಲ್ಲಿದೆ: ಮೆಕ್ಲೀನ್ ಇಲಿನಾಯ್‌ನ ಅತಿ ವಿಸ್ತಾರದ ಕೌಂಟಿ, ಮೆಕ್ಕೆಜೋಳ ಮತ್ತು ಸೋಯಾ ಅವರೆಯ ಉತ್ಪಾದನೆಯಲ್ಲಿ ಇಡೀ ದೇಶದ ಮುಂಚೂಣಿಯ ಕೌಂಟಿಗಳಲ್ಲಿ ಒಂದು. ಹೈಬ್ರಿಡ್ ಮೆಕ್ಕೆಜೋಳದ ಬಿತ್ತನೆ ಬೀಜವನ್ನು ಆರಂಭದ ದಿನಗಳಲ್ಲಿಯೇ ಮಾರುಕಟ್ಟೆಗೆ ತಂದವರಲ್ಲಿ ಸೇರಿದ ಫಂಕ್ ಬ್ರದರ್ಸ್ ಕಂಪನಿ 1901ರಲ್ಲಿ ಹುಟ್ಟಿದ್ದು ನಿಮ್ಮ ಬ್ಲೂಮಿಂಗ್ಟನ್‌ನಲ್ಲಿಯೇ.

ಈಗ ಎಕರೆಯ ಲೆಕ್ಕಕ್ಕೆ ಬರೋಣ. ಮೆಕ್ಕೆಜೋಳ, ಸೋಯಾ, ಗೋಧಿ, ಭತ್ತ, ಶೇಂಗಾ ಮುಂತಾದ ಕೆಲವು ಬೆಳೆಗಳಿಗೆ ಮಾತ್ರ ಅನ್ವಯಿಸುವ ಈ ಯೋಜನೆಯಲ್ಲಿ ಪ್ರತಿಯೊಂದು ಜಮೀನಿಗೂ ಅದರ ಹಿಂದಿನ ಬಿತ್ತನೆಯ ಆಧಾರದ ಮೇಲೆ ‘ಬೇಸ್ ಎಕರೆ’ ಎಂದು ನಿಗದಿಯಾಗಿರುತ್ತದೆ. 2002ರ ಕೃಷಿ ಕಾಯ್ದೆಯು ಹಿಂದಿನ ನಾಲ್ಕು ವರ್ಷಗಳ ಬಿತ್ತನೆಯನ್ನು ನೋಡಿ ಇದನ್ನು ಪರಿಷ್ಕರಿಸಿಕೊಳ್ಳಲು ಅವಕಾಶ ಕೊಟ್ಟಿತು. 2014ರ ಕಾಯ್ದೆಯು ಒಟ್ಟು ಎಕರೆಯನ್ನು ಹೆಚ್ಚಿಸದೆ ಬೆಳೆಗಳ ನಡುವೆ ಮರುಹಂಚಿಕೆ ಮಾಡಿಕೊಳ್ಳಲು ಬಿಟ್ಟಿತು. 2025ರ ಜುಲೈ 4ರಂದು ಸಹಿಯಾದ ಕಾನೂನು ಈಚಿನ ವರ್ಷಗಳ ಬಿತ್ತನೆಯನ್ನು ಲೆಕ್ಕಕ್ಕೆ ಹಿಡಿದು ದೇಶದಾದ್ಯಂತ 3 ಕೋಟಿ ಎಕರೆಯವರೆಗೆ ಹೊಸ ಬೇಸ್ ಸೇರಿಸಲು ದಾರಿ ಮಾಡಿತು. ಭೂಮಿ ಕೈ ಬದಲಾದರೆ ಬೇಸ್ ಕೂಡ ಭೂಮಿಯೊಂದಿಗೆ ಹೋಗುತ್ತದೆ. ಹೀಗಾಗಿ ಮೆಕ್ಕೆಜೋಳದ ಬೇಸ್ ಇರುವ ಹೊಲದಲ್ಲಿ ಈ ವರ್ಷ ಬರೀ ಸೋಯಾ ಬಿತ್ತಿದ್ದರೂ ಮೆಕ್ಕೆಜೋಳದ ಬೆಲೆ ಕುಸಿದಾಗ ಹಣ ಬರುತ್ತದೆ.

ಎಷ್ಟು ಬರುತ್ತದೆ ಎಂಬುದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಬೆಲೆ ಕುಸಿತದ ಪರಿಹಾರ. ಇದನ್ನು ಪಿಎಲ್‌ಸಿ ಎನ್ನುತ್ತಾರೆ. ಕಾನೂನು ಪ್ರತಿ ಬೆಳೆಗೂ ಒಂದು ಆಧಾರ ಬೆಲೆಯನ್ನು ನಿಗದಿ ಮಾಡಿದೆ. ಮೆಕ್ಕೆಜೋಳಕ್ಕೆ ಬುಷೆಲ್‌ಗೆ (ಇಲ್ಲಿನ ಧಾನ್ಯದ ಅಳತೆ, ಮೆಕ್ಕೆಜೋಳವಾದರೆ ಸುಮಾರು 25 ಕಿಲೋ) 3.70 ಡಾಲರ್ ಇದ್ದದ್ದು 2025ರ ಕಾನೂನಿನಿಂದ 4.10ಕ್ಕೆ, ಸೋಯಾಕ್ಕೆ 8.40 ಇದ್ದದ್ದು 10 ಡಾಲರ್‌ಗೆ ಏರಿದೆ; ಮಾರುಕಟ್ಟೆಯ ಹಿಂದಿನ ವರ್ಷಗಳ ಸರಾಸರಿ ಮೇಲಿದ್ದರೆ ಇದು ಶೇ. 15ರವರೆಗೆ ಇನ್ನೂ ಹೆಚ್ಚಬಹುದು. ದೇಶದ ಸರಾಸರಿ ಮಾರುಕಟ್ಟೆ ಬೆಲೆ ಇದಕ್ಕಿಂತ ಕೆಳಗಿಳಿದರೆ ವ್ಯತ್ಯಾಸವನ್ನು ಸರ್ಕಾರ ತುಂಬುತ್ತದೆ. ಲೆಕ್ಕ ಸುಲಭವಾಗಲೆಂದು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ: ಮೆಕ್ಕೆಜೋಳದ ಬೇಸ್ 100 ಎಕರೆ, ದಾಖಲೆಯಲ್ಲಿರುವ ಇಳುವರಿ ಎಕರೆಗೆ 150 ಬುಷೆಲ್, ಆಧಾರ ಬೆಲೆ 4.10, ಮಾರುಕಟ್ಟೆಯ ಸರಾಸರಿ 3.80. ವ್ಯತ್ಯಾಸ 30 ಸೆಂಟ್. ಕಾನೂನು ಬೇಸ್‌ನ ಶೇ. 85ಕ್ಕೆ ಮಾತ್ರ ಹಣ ಕೊಡುವುದರಿಂದ 85 ಎಕರೆಗೆ ಲೆಕ್ಕ ಹಾಕಿದರೆ 3,825 ಡಾಲರ್ ಆಗುತ್ತದೆ. ಇದರಿಂದ ಸಾರ್ವತ್ರಿಕ ವೆಚ್ಚ ಕಡಿತದ ಕಾನೂನಿನಂತೆ ಶೇ. 5.7 ಕಳೆದರೆ ಕೈಗೆ ಸಿಗುವುದು ಸುಮಾರು 3,607. ಪಟ್ಟಿಯಲ್ಲಿ ಮೊತ್ತಗಳು ದುಂಡಾಗಿಲ್ಲದೆ ಹೀಗೆ ಬಿಡಿಬಿಡಿಯಾಗಿ ಕಾಣುವುದಕ್ಕೆ ಈ ಗುಣಾಕಾರ, ಕಡಿತಗಳೇ ಕಾರಣ.

ಎರಡನೆಯ ದಾರಿ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ಕೌಂಟಿಯೇ ಅಳತೆಗೋಲು. ಎಆರ್‌ಸಿ ಎಂಬ ಈ ಯೋಜನೆಯಲ್ಲಿ ಕೌಂಟಿಯ ಸರಾಸರಿ ಇಳುವರಿಯನ್ನೂ ದೇಶದ ಬೆಲೆಯನ್ನೂ ಗುಣಿಸಿ ಎಕರೆಯ ವರಮಾನವನ್ನು ಕಂಡುಕೊಳ್ಳುತ್ತಾರೆ. ಹಿಂದಿನ ಐದು ವರ್ಷಗಳಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರರ ಸರಾಸರಿಯೊಂದಿಗೆ ಅದನ್ನು ಹೋಲಿಸುತ್ತಾರೆ. 2018ರ ಕಾಯ್ದೆಯ ಪ್ರಕಾರ ಆ ಸರಾಸರಿಯ ಶೇ. 86ಕ್ಕಿಂತ ವರಮಾನ ಕೆಳಗಿಳಿದರೆ ಹಣ ಬರುತ್ತಿತ್ತು. 2025ರ ಕಾನೂನು ಅದನ್ನು ಶೇ. 90ಕ್ಕೆ ಏರಿಸಿತು. ಇಲ್ಲಿ ಒಬ್ಬ ರೈತನ ಸ್ವಂತ ಇಳುವರಿಗೆ ಬೆಲೆಯೇ ಇಲ್ಲ. ಆಲಿಕಲ್ಲು ಬಿದ್ದು ಬೆಳೆ ಕಳೆದುಕೊಂಡವನಿಗೂ ಕೌಂಟಿಯ ಸರಾಸರಿ ಚೆನ್ನಾಗಿದ್ದರೆ ಏನೂ ಸಿಗುವುದಿಲ್ಲ; ಸಮೃದ್ಧವಾಗಿ ಬೆಳೆದವನಿಗೂ ಕೌಂಟಿಯ ಸರಾಸರಿ ಬಿದ್ದಿದ್ದರೆ ಉಳಿದವರಷ್ಟೇ ದರದಲ್ಲಿ ಹಣ ಸಿಗುತ್ತದೆ. ಕೌಂಟಿಯ ಗಡಿರಸ್ತೆಯ ಈಚೆಗಿನ ಹೊಲಕ್ಕೆ ಬಂದದ್ದು ಆಚೆಗಿನ ಹೊಲಕ್ಕೆ ಬಾರದಿರುವುದೂ ಉಂಟು. ಈ ಯೋಜನೆ 2014ರಲ್ಲಿ ಆರಂಭವಾದಾಗ ಇಂಥ ದೂರುಗಳು ಬಂದುದರಿಂದಲೇ, ದಾಖಲೆ ಯಾವ ಕಚೇರಿಯಲ್ಲಿದ್ದರೂ ಹೊಲ ಇರುವ ಕೌಂಟಿಯ ದರವೇ ಅನ್ವಯಿಸಬೇಕೆಂದು 2018ರ ಕಾಯ್ದೆ ತಿದ್ದುಪಡಿ ಮಾಡಿತು.

ಇದರೊಂದಿಗೆ ಕಾಲದ ವಿಷಯವೊಂದನ್ನು ಗಮನಿಸಬೇಕು. ಮೆಕ್ಕೆಜೋಳದ ಮಾರುಕಟ್ಟೆ ವರ್ಷ ಸೆಪ್ಟೆಂಬರ್‌ನಿಂದ ಮುಂದಿನ ಆಗಸ್ಟ್‌ವರೆಗೆ ನಡೆಯುತ್ತದೆ, ಅದು ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಹಣ ಪಾವತಿಯಾಗುತ್ತದೆ. ಎಂದರೆ 2025ರಲ್ಲಿ ಕೊಯ್ದ ಬೆಳೆಯ ಲೆಕ್ಕ 2026ರ ಪಟ್ಟಿಯಲ್ಲಿ ಕಾಣುತ್ತದೆ. ‘ಬೆಲೆ ಚೆನ್ನಾಗಿದ್ದ ವರ್ಷವೂ ಸಬ್ಸಿಡಿ ತೆಗೆದುಕೊಂಡಿದ್ದಾರೆ’ ಎಂಬ ಟೀಕೆಯಲ್ಲಿ ಅನೇಕ ಸಲ ಈ ಒಂದು ವರ್ಷದ ಹಿಂದುಮುಂದು ಮರೆತುಹೋಗಿರುತ್ತದೆ.

ಆದರೆ ನೀವು ಕಂಡ ಹಠಾತ್ ಏರಿಕೆಗೆ ಕಾರಣ ಬೇರೆ. 2018ರಲ್ಲಿ ಅಮೆರಿಕ ಹೇರಿದ ಆಮದು ಸುಂಕಗಳಿಗೆ ಪ್ರತಿಯಾಗಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ. 25 ಸುಂಕ ಹಾಕಿತು, ಸೋಯಾ ಬೆಲೆ ಕುಸಿಯಿತು, ಸರ್ಕಾರ ಮಾರ್ಕೆಟ್ ಫೆಸಿಲಿಟೇಶನ್ ಪ್ರೋಗ್ರಾಂ ಎಂಬ ತಾತ್ಕಾಲಿಕ ಯೋಜನೆಯಡಿ ಎರಡು ವರ್ಷಗಳಲ್ಲಿ ಸುಮಾರು 2,300 ಕೋಟಿ ಡಾಲರ್ ಹಂಚಿತು. ಮೊದಲ ವರ್ಷ ಸೋಯಾ ಬೆಳೆದವರಿಗೆ ಬುಷೆಲ್‌ಗೆ 1.65 ಡಾಲರ್ ಸಿಕ್ಕರೆ ಮೆಕ್ಕೆಜೋಳದವರಿಗೆ ಸಿಕ್ಕಿದ್ದು ಬುಷೆಲ್‌ಗೆ ಕೇವಲ ಒಂದು ಸೆಂಟ್. 2019ರಲ್ಲಿ ಈ ಕ್ರಮವನ್ನೇ ಬದಲಿಸಿ, ಪ್ರತಿ ಕೌಂಟಿಗೂ ಎಕರೆಗೆ 15ರಿಂದ 150 ಡಾಲರ್‌ವರೆಗೆ ಒಂದೊಂದು ದರವನ್ನು ಗೊತ್ತು ಮಾಡಿದರು. ಒಂದೇ ಬೆಳೆ ಬೆಳೆದ ಇಬ್ಬರು ರೈತರಿಗೆ ಕೌಂಟಿ ಬೇರೆ ಎಂಬ ಒಂದೇ ಕಾರಣಕ್ಕೆ ಬೇರೆ ಬೇರೆ ದರ ಸಿಕ್ಕಿತು. 2020ರಲ್ಲಿ ಕೊರೊನಾ ಪರಿಹಾರವೂ ಸೇರಿ ದೇಶದ ರೈತರಿಗೆ ಸರ್ಕಾರದ ನೇರ ಪಾವತಿ 4,500 ಕೋಟಿ ಡಾಲರ್ ದಾಟಿತು. ಆ ವರ್ಷ ಇಡೀ ದೇಶದ ನಿವ್ವಳ ಕೃಷಿ ಆದಾಯದ ಅರ್ಧದ ಸಮೀಪಕ್ಕೆ ಅದೊಂದೇ ಬಂದಿತ್ತು. 2024ರ ಡಿಸೆಂಬರ್‌ನಲ್ಲಿ ಸಂಸತ್ತು ಮತ್ತೆ 1,000 ಕೋಟಿ ಡಾಲರ್ ಮಂಜೂರು ಮಾಡಿತು, 2025ರ ಡಿಸೆಂಬರ್‌ನಲ್ಲಿ ಇನ್ನೂ 1,200 ಕೋಟಿಯ ನೆರವು ಘೋಷಣೆಯಾಯಿತು. ಐದು ವರ್ಷಕ್ಕೊಮ್ಮೆ ಚರ್ಚಿಸಿ ಬರೆಯುವ ಕೃಷಿ ಕಾಯ್ದೆಗಿಂತ ಈ ತುರ್ತು ಪಾವತಿಗಳೇ ಹಲವು ವರ್ಷಗಳಲ್ಲಿ ಹಿರಿದಾಗಿರುವುದು ನನ್ನ ಅಭಿಪ್ರಾಯದಲ್ಲಿ ಇಂದಿನ ವ್ಯವಸ್ಥೆಯ ದೊಡ್ಡ ದೋಷ. ತುರ್ತಿನ ಹೆಸರಿನಲ್ಲಿ ಹಂಚುವಾಗ ಯಾರಿಗೆ, ಯಾವ ಅಳತೆಯಲ್ಲಿ ಎಂಬ ಪ್ರಶ್ನೆಗೆ ಸಮಯವೇ ಸಿಗುವುದಿಲ್ಲ.

ಇನ್ನು ಪಟ್ಟಣದ ವಿಳಾಸಗಳು, ಟ್ರಸ್ಟ್‌ಗಳು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ನೆರೆಹೊರೆಯವರ ಮೇಲೆ ಅನ್ಯಾಯವಾಗಿ ಸಂಶಯ ಹುಟ್ಟುವುದು ಇಲ್ಲಿಯೇ. ಮೊದಲಿಗೆ, ನೀವು ನೋಡಿದ ಪಟ್ಟಿಯು ಹಣ ಪಡೆದವರ ಅಂಚೆ ವಿಳಾಸದ ಪ್ರಕಾರ ಮಾಡಿದ್ದೋ, ಜಮೀನಿನ ದಾಖಲೆ ಇರುವ ಕೌಂಟಿಯ ಪ್ರಕಾರ ಮಾಡಿದ್ದೋ ಎಂದು ನೋಡಿಕೊಳ್ಳಿ. ವಿಳಾಸದ ಪ್ರಕಾರವಾದರೆ, ಬ್ಲೂಮಿಂಗ್ಟನ್‌ನಲ್ಲಿ ಮನೆ ಮಾಡಿಕೊಂಡು ಪಕ್ಕದ ಲಿವಿಂಗ್‌ಸ್ಟನ್ ಅಥವಾ ಲೋಗನ್ ಕೌಂಟಿಯಲ್ಲಿ ಉಳುವವನು ನಿಮ್ಮ ಪಟ್ಟಿಯಲ್ಲಿರುತ್ತಾನೆ, ಮೆಕ್ಲೀನ್‌ನಲ್ಲಿ ಭೂಮಿ ಇಟ್ಟುಕೊಂಡು ಶಿಕಾಗೋದಲ್ಲಿರುವವನು ಇರುವುದಿಲ್ಲ. ಎರಡನೆಯದಾಗಿ, ಇಲ್ಲಿನ ಉಳುವ ಭೂಮಿಯಲ್ಲಿ ಬಹಳಷ್ಟು ಉಳುವವರದ್ದಲ್ಲ. ಇಡೀ ದೇಶದಲ್ಲಿ ಕೃಷಿ ಭೂಮಿಯ ಸುಮಾರು ಐದರಲ್ಲಿ ಎರಡು ಪಾಲು ಗೇಣಿಯದು, ಆ ಗೇಣಿ ಭೂಮಿಯ ಹೆಚ್ಚಿನ ಪಾಲು ಸ್ವತಃ ವ್ಯವಸಾಯ ಮಾಡದ ಒಡೆಯರ ಕೈಯಲ್ಲಿದೆ: ವಯಸ್ಸಾಗಿ ಬೇಸಾಯ ಬಿಟ್ಟವರು, ರೈತರ ವಿಧವೆಯರು, ನಗರ ಸೇರಿದ ಮಕ್ಕಳು, ಕುಟುಂಬದ ಆಸ್ತಿ ಒಡೆಯದಿರಲೆಂದು ಮಾಡಿಕೊಂಡ ಟ್ರಸ್ಟ್‌ಗಳು.

ಗೇಣಿಯಲ್ಲಿ ಎರಡು ವಿಧ. ಎಕರೆಗೆ ಇಷ್ಟೆಂದು ನಗದು ಕೊಟ್ಟು ಮಾಡುವ ಗೇಣಿಯಲ್ಲಿ ನಷ್ಟದ ಹೊಣೆ ಪೂರ್ತಿ ಉಳುವವನದಾದ್ದರಿಂದ ಸಹಾಯಧನವೂ ಪೂರ್ತಿ ಅವನಿಗೇ ಸೇರಬೇಕೆಂದು ನಿಯಮವಿದೆ. ಬೆಳೆಯನ್ನು ಹಂಚಿಕೊಳ್ಳುವ ಪಾಲಿನ ಗೇಣಿಯಲ್ಲಿ ಒಡೆಯನೂ ನಷ್ಟದ ಪಾಲುದಾರ, ಆದ್ದರಿಂದ ಸಹಾಯಧನವೂ ಅದೇ ಪ್ರಮಾಣದಲ್ಲಿ ಹಂಚಿಕೆಯಾಗುತ್ತದೆ. ಮಧ್ಯ ಇಲಿನಾಯ್‌ನಲ್ಲಿ ಅರ್ಧರ್ಧ ಪಾಲಿನ ಪದ್ಧತಿ ಹಿಂದಿನಿಂದಲೂ ಬೇರೂರಿದೆ. ಹೀಗಾಗಿ ಶಿಕಾಗೋದ ವಿಳಾಸವಿರುವ ಹೆಸರೊಂದು ನೂರಾರು ಡಾಲರ್ ಪಡೆದಿದ್ದರೆ ಅದು ಅಜ್ಜನ 80 ಎಕರೆಯಲ್ಲಿ ಮೊಮ್ಮಗಳಿಗೆ ಬಂದ ಪಾಲಿನ ಪಾಲಾಗಿರಬಹುದು. ಇದು ಕಾನೂನಿಗೆ ಪೂರ್ತಿ ಒಪ್ಪಿತ. ಸರಿಯೇ ಎಂಬುದು ಬೇರೆ ಪ್ರಶ್ನೆ. ನಗದು ಗೇಣಿಯಲ್ಲಿ ಹಣ ಕಾಗದದ ಮೇಲೆ ಉಳುವವನಿಗೆ ಹೋದರೂ ಮುಂದಿನ ಕರಾರಿನಲ್ಲಿ ಗೇಣಿ ಏರಿ ಒಂದಂಶ ಒಡೆಯನ ಕೈ ಸೇರುತ್ತದೆ. ಇದರ ಮೇಲೆ 2009ರಲ್ಲಿ ಪ್ರಕಟವಾದ, ಈ ಕ್ಷೇತ್ರದವರೆಲ್ಲ ಬಲ್ಲ ಅಧ್ಯಯನವೊಂದು ಆ ಅಂಶವನ್ನು ಸಹಾಯಧನದ ಸುಮಾರು ಕಾಲುಭಾಗವೆಂದು ಅಂದಾಜಿಸಿತು.

ಒಬ್ಬರ ಹೆಸರಿನ ಮುಂದೆ ಲಕ್ಷಗಟ್ಟಲೆ ಕಂಡರೆ? ಮೇಲಿನ ಉದಾಹರಣೆಯನ್ನೇ 100 ಎಕರೆಯ ಬದಲು 5,000 ಎಕರೆಗೆ ಹಿಗ್ಗಿಸಿದರೆ, ಕಡಿತಕ್ಕೆ ಮುಂಚೆ 1,91,250 ಡಾಲರ್ ಆಗುತ್ತದೆ. ಇಲ್ಲಿ ಮಿತಿಯ ನಿಯಮ ಅಡ್ಡ ಬರುತ್ತದೆ: ಒಬ್ಬ ವ್ಯಕ್ತಿಗೆ ವರ್ಷಕ್ಕೆ ಈ ಎರಡೂ ಯೋಜನೆಗಳಿಂದ 1,25,000 ಡಾಲರ್ ಮೀರುವಂತಿರಲಿಲ್ಲ, 2025ರ ಕಾನೂನು ಅದನ್ನು 1,55,000ಕ್ಕೆ ಏರಿಸಿ, ಮುಂದೆ ಹಣದುಬ್ಬರದೊಂದಿಗೆ ಬೆಳೆಯಲೂ ಬಿಟ್ಟಿದೆ. ಮೂರು ವರ್ಷಗಳ ಸರಾಸರಿ ಆದಾಯ 9 ಲಕ್ಷ ಡಾಲರ್ ದಾಟಿದವರು ಅರ್ಹರಲ್ಲ. ‘ಬೇಸಾಯದಲ್ಲಿ ಸಕ್ರಿಯವಾಗಿ ತೊಡಗಿರಬೇಕು’ ಎಂಬ ಷರತ್ತೂ ಇದೆ. ಆದರೆ ಪಾಲುದಾರಿಕೆ ಸಂಸ್ಥೆಗಳಿಗೆ ಮಿತಿಯು ಪಾಲುದಾರರ ಸಂಖ್ಯೆಯಿಂದ ಗುಣಿತವಾಗುತ್ತದೆ: ಇಬ್ಬರಿದ್ದರೆ 3,10,000, ನಾಲ್ವರಿದ್ದರೆ 6,20,000. ‘ತೊಡಗಿರುವುದು’ ಎಂದರೆ ಹೊಲದಲ್ಲಿ ದುಡಿಯುವುದೇ ಆಗಬೇಕಿಲ್ಲ, ನಿರ್ವಹಣೆಯೂ ಸಾಕು. ಆ ನಿರ್ವಹಣೆ ಫೋನಿನಲ್ಲಿ ನಡೆದರೂ ಸಾಕು. ದಕ್ಷಿಣದ ಹತ್ತಿ ಮತ್ತು ಭತ್ತದ ಸೀಮೆಯಲ್ಲಿ ಸಂಸ್ಥೆಯ ಕೆಳಗೆ ಸಂಸ್ಥೆ, ಅದರ ಕೆಳಗೆ ಮತ್ತೊಂದು ಸಂಸ್ಥೆಯನ್ನು ಕಟ್ಟಿ ಮಿತಿಯನ್ನು ಹತ್ತಾರು ಪಟ್ಟು ಮಾಡಿಕೊಳ್ಳುತ್ತಿದ್ದ ರಚನೆಗೆ ‘ಮಿಸಿಸಿಪ್ಪಿ ಕ್ರಿಸ್ಮಸ್ ಮರ’ ಎಂಬ ಹೆಸರೇ ಬಿದ್ದಿತ್ತು. 2008ರ ಕಾಯ್ದೆಯು ಪ್ರತಿ ಡಾಲರನ್ನೂ ಕೊನೆಯಲ್ಲಿರುವ ಮನುಷ್ಯನ ಹೆಸರಿಗೇ ಜಮೆ ಕಟ್ಟಬೇಕೆಂದು ವಿಧಿಸಿ ಅದರ ಕೆಲವು ಕೊಂಬೆಗಳನ್ನು ಕಡಿಯಿತು.

ಅಯೋವಾದ ಸೆನೆಟರ್ ಚಕ್ ಗ್ರಾಸ್ಲಿ, ಸ್ವತಃ ಕೃಷಿಕ ಕುಟುಂಬದವರು, ಮಿತಿಯನ್ನು ನಿಜವಾದ ಮಿತಿಯನ್ನಾಗಿ ಮಾಡಲು ದಶಕಗಳ ಕಾಲ ಪ್ರಯತ್ನಿಸಿದ್ದಾರೆ. ಹೊಲದಲ್ಲಿ ದುಡಿಯದ ವ್ಯವಸ್ಥಾಪಕರ ಹೆಸರಿನಲ್ಲಿ ಒಂದು ಜಮೀನಿಗೆ ಒಂದಕ್ಕಿಂತ ಹೆಚ್ಚು ಪಾವತಿ ಇರಬಾರದೆಂಬ ಅವರ ತಿದ್ದುಪಡಿ 2014ರ ಕಾಯ್ದೆಯ ಸಂದರ್ಭದಲ್ಲಿ ಸಂಸತ್ತಿನ ಎರಡೂ ಸದನಗಳ ಕರಡಿನಲ್ಲಿ ಸೇರಿತ್ತು. ಎರಡನ್ನೂ ಹೊಂದಿಸಲು ಕುಳಿತ ಸಮಿತಿಯಲ್ಲಿ ಅದು ಕೈಬಿಟ್ಟುಹೋಯಿತು. 2015ರ ಕೊನೆಯಲ್ಲಿ ಕೃಷಿ ಇಲಾಖೆ ತಂದ ನಿಯಮ ಬರೀ ಕುಟುಂಬದವರೇ ಇರುವ ಸಂಸ್ಥೆಗಳನ್ನು ಮುಟ್ಟಲಿಲ್ಲ. 2018ರ ಕಾಯ್ದೆ ‘ಕುಟುಂಬ’ದೊಳಗೆ ಅಣ್ಣತಮ್ಮಂದಿರ ಮಕ್ಕಳನ್ನೂ ಸೇರಿಸಿತು. 2025ರ ಕಾನೂನು ಈ ಗುಣಾಕಾರವನ್ನು ಪಾಲುದಾರಿಕೆಗಳಾಚೆಗೆ ಕೆಲವು ಬಗೆಯ ಕಂಪನಿಗಳಿಗೂ ವಿಸ್ತರಿಸಿತು. ಎರಡೂ ಸದನಗಳು ಒಪ್ಪಿದ್ದ ಸುಧಾರಣೆಯೊಂದು ಹೀಗೆ ಹಿಂದೆ ಹಿಂದೆ ಸರಿದದ್ದು ನನಗೆ ಬಹಳ ಬೇಸರ ತಂದಿರುವ ಸಂಗತಿ. ನಿಜವಾದ ಆಕ್ಷೇಪ ಇದ್ದರೆ ಅದನ್ನು ಎತ್ತಬೇಕಾದದ್ದು ಇಲ್ಲಿ, ಪಟ್ಟಿಯಲ್ಲಿ ಹೆಸರಿರುವ ನೆರೆಯವನ ಮನೆಯ ಮುಂದಲ್ಲ. ಸುಳ್ಳು ದಾಖಲೆ, ಇಲ್ಲದ ಪಾಲುದಾರ ಎಂಬಂಥ ನಿಜವಾದ ವಂಚನೆಗೆ ಕೈಯಲ್ಲಿ ಆಧಾರವಿದ್ದರೆ ಕೃಷಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೆ ದೂರು ಕೊಡಬಹುದು.

ದೊಡ್ಡ ಮೊತ್ತಗಳನ್ನು ನೋಡುವಾಗ ಇನ್ನೊಂದು ಎಚ್ಚರಿಕೆ ಬೇಕು. ಅರ್ಕಾನ್ಸಾ ರಾಜ್ಯದ ಸ್ಟಟ್‌ಗಾರ್ಟ್ ಊರಿನ ರೈಸ್‌ಲ್ಯಾಂಡ್ ಫುಡ್ಸ್ ಅನೇಕ ವರ್ಷ ಇಡೀ ದೇಶದ ಪಟ್ಟಿಯ ಮೇಲ್ತುದಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಅದು ಸಾವಿರಾರು ಭತ್ತದ ರೈತರ ಸಹಕಾರ ಸಂಘ. ಹಣ ಅದರ ಮೂಲಕ ಸದಸ್ಯರಿಗೆ ಹೋಗುತ್ತಿತ್ತು. ಹಾಗೆಯೇ ‘ಮೇಲಿನ ಶೇ. 10 ಮಂದಿಗೆ ಬೆಳೆ ಸಹಾಯಧನದ ಮುಕ್ಕಾಲಕ್ಕಿಂತ ಹೆಚ್ಚು ಹೋಗುತ್ತದೆ’ ಎಂಬ ಮಾತು ನಿಜವೇ. ಆದರೆ ಕೆಳಗಿನವರಲ್ಲಿ ಅನೇಕರು ಬಡ ರೈತರಲ್ಲ, ಐವತ್ತು ನೂರು ಡಾಲರ್ ಪಾಲು ಪಡೆಯುವ, ಬೇರೆ ಉದ್ಯೋಗದಲ್ಲಿರುವ ವಾರಸುದಾರರು ಎಂಬುದನ್ನೂ ಸೇರಿಸಿ ಹೇಳಬೇಕು. ವರ್ಷಕ್ಕೆ 1,000 ಡಾಲರ್ ಮೌಲ್ಯದ ಉತ್ಪನ್ನ ಮಾರುವಂತಿದ್ದರೆ ಅದನ್ನು ಕೃಷಿ ಘಟಕವೆಂದು ಎಣಿಸುವ ದೇಶವಿದು. 2022ರ ಕೃಷಿ ಗಣತಿಯ 19 ಲಕ್ಷ ಘಟಕಗಳಲ್ಲಿ ಬದುಕಿಗೆ ಬೇಸಾಯವನ್ನೇ ನಂಬಿದವರು ಒಂದು ಭಾಗ ಮಾತ್ರ. ಹಣ್ಣು ತರಕಾರಿ ಬೆಳೆಯುವವರಿಗೆ ಬೆಳೆ ಸಹಾಯಧನದ ಈ ಎರಡು ದಾರಿಗಳೂ ಇಲ್ಲ. ಕ್ಯಾಲಿಫೋರ್ನಿಯಾದ ಬಾದಾಮಿ, ದ್ರಾಕ್ಷಿಯ ಸೀಮೆಗಳ ಉತ್ಪನ್ನದ ಮೌಲ್ಯ ಎಷ್ಟೇ ದೊಡ್ಡದಿದ್ದರೂ ಮೆಕ್ಕೆಜೋಳದ ಕೌಂಟಿಗೆ ಬರುವಂಥ ಹಣ ಅಲ್ಲಿಗೆ ಬರುವುದಿಲ್ಲ.

ಪಟ್ಟಿಯಲ್ಲಿ ಸಣ್ಣ ಮೊತ್ತ ಪ್ರತಿ ವರ್ಷ ಒಂದೇ ಸಮನೆ ಕಂಡರೆ ಅದು ಬಹುಶಃ ಸಂರಕ್ಷಣೆಯ ಬಾಬ್ತು. 1985ರಲ್ಲಿ ಆರಂಭವಾದ ಕನ್ಸರ್ವೇಶನ್ ರಿಸರ್ವ್ ಯೋಜನೆಯಲ್ಲಿ ಕೊರಕಲು ಬೀಳುವ ಇಳಿಜಾರನ್ನೋ ಹಳ್ಳದ ದಂಡೆಯನ್ನೋ 10ರಿಂದ 15 ವರ್ಷ ಉಳದೆ ಹುಲ್ಲು, ಮರಗಳಿಗೆ ಬಿಟ್ಟರೆ ಸರ್ಕಾರ ವಾರ್ಷಿಕ ಬಾಡಿಗೆ ಕೊಡುತ್ತದೆ. ಇದು ಕರಾರಿನ ಹಣ. ಕೊಟ್ಟದ್ದಕ್ಕೆ ಪ್ರತಿಯಾಗಿ ಹೊಲದ ಮಣ್ಣು, ಹಳ್ಳದ ನೀರು ಉಳಿಯುತ್ತವೆ. ಇದನ್ನು ಬೆಲೆ ಕುಸಿತದ ಪರಿಹಾರದೊಂದಿಗೆ ಕೂಡಿಸಿ ‘ಸಬ್ಸಿಡಿ’ ಎಂದು ಒಂದೇ ಮೊತ್ತ ಹೇಳುವುದು ನ್ಯಾಯವಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಆ ಪಟ್ಟಿಯ ಅತಿ ದೊಡ್ಡ ಕೊರತೆಯನ್ನು ನಾನಿನ್ನೂ ಹೇಳಿಲ್ಲ. ಬೆಳೆ ವಿಮೆ ಅದರಲ್ಲಿಲ್ಲ. ಮೆಕ್ಲೀನ್‌ನಂಥ ಕೌಂಟಿಯಲ್ಲಿ ಬಹುಪಾಲು ಎಕರೆ ವಿಮೆಯಡಿಯಲ್ಲಿರುತ್ತದೆ. ಪಾಲಿಸಿಯನ್ನು ಮಾರುವುದು ಖಾಸಗಿ ಕಂಪನಿಗಳು, ಆದರೆ ದೇಶದ ಸರಾಸರಿಯಲ್ಲಿ ಪ್ರೀಮಿಯಂನ ಶೇ. 60ಕ್ಕಿಂತ ಹೆಚ್ಚನ್ನು ಸರ್ಕಾರ ಭರಿಸುತ್ತದೆ. ಕಂಪನಿಗಳ ನಿರ್ವಹಣಾ ವೆಚ್ಚಕ್ಕೂ ಹಣ ಕೊಡುತ್ತದೆ. ಇದಕ್ಕೆ 1,55,000 ಡಾಲರ್‌ನ ಮಿತಿ ಇಲ್ಲ, 9 ಲಕ್ಷದ ಆದಾಯದ ಮಿತಿ ಇಲ್ಲ, ಹೆಸರುಗಳನ್ನು ಬಹಿರಂಗಪಡಿಸಬಾರದೆಂದು ಕಾನೂನೇ ತಡೆಯುತ್ತದೆ. ಪ್ರತಿ ಕೌಂಟಿಯಲ್ಲಿ ಯಾವ ಬೆಳೆಗೆ ಒಟ್ಟು ಎಷ್ಟು ಪ್ರೀಮಿಯಂ ನೆರವು, ಎಷ್ಟು ಪರಿಹಾರ ಎಂಬುದನ್ನು ಕೃಷಿ ಇಲಾಖೆಯ ರಿಸ್ಕ್ ಮ್ಯಾನೇಜ್‌ಮೆಂಟ್ ಏಜೆನ್ಸಿ ಪ್ರಕಟಿಸುತ್ತದೆ. ಅದನ್ನು ನಿಮ್ಮ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಕೌಂಟಿಗೆ ಬಂದ ಹಣದ ನಿಜವಾದ ಅಳತೆ ಸಿಗುತ್ತದೆ. ಒಂದು ಬಗೆಯ ಸಾರ್ವಜನಿಕ ಹಣ ಪಡೆದವರ ಹೆಸರು ಬಯಲಿನಲ್ಲಿ, ಇನ್ನೊಂದು ಬಗೆಯದು ಮುಚ್ಚಿದ ಬಾಗಿಲ ಹಿಂದೆ ಇರುವುದನ್ನು ನಾನು ಒಪ್ಪಲಾರೆ. ವಿಮೆಯ ಪರಿಹಾರ ಖಾಸಗಿಯಾಗಿರಲಿ, ಆದರೆ ಪ್ರೀಮಿಯಂಗೆ ಸರ್ಕಾರ ಕೊಟ್ಟ ನೆರವಾದರೂ ಬಹಿರಂಗವಾಗಬೇಕು.

ಹೆಸರುಗಳ ಪಟ್ಟಿಯೂ ಸುಲಭವಾಗಿ ಹೊರಬಂದದ್ದಲ್ಲ. 1990ರ ದಶಕದಲ್ಲಿ ಪತ್ರಿಕೆಗಳೂ ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆಯೂ ಮಾಹಿತಿ ಹಕ್ಕಿನ ಕಾನೂನಿನಡಿ ದಾಖಲೆ ಕೇಳಿದವು. 1996ರಲ್ಲಿ ವಾಷಿಂಗ್ಟನ್ ಪೋಸ್ಟ್ ಹೂಡಿದ ದಾವೆಯಲ್ಲಿ ಫೆಡರಲ್ ನ್ಯಾಯಾಲಯ ಹತ್ತಿ ಸಹಾಯಧನ ಪಡೆದವರ ಹೆಸರು ಕೊಡಬೇಕೆಂದು ತೀರ್ಪು ನೀಡಿತು. 2001ರಲ್ಲಿ ಆ ಸಂಸ್ಥೆ ಕೌಂಟಿವಾರು ಹೆಸರು ಮೊತ್ತಗಳನ್ನು ಅಂತರ್ಜಾಲಕ್ಕೆ ಏರಿಸಿದಾಗ ಗ್ರಾಮೀಣ ಅಮೆರಿಕದಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. 2008ರ ಕಾಯ್ದೆಯ ಒಂದು ವಿಧಿ ರೈತರು ಕೊಟ್ಟ ಹೊಲದ ನಕ್ಷೆ ಮತ್ತು ವಿವರಗಳನ್ನು ಮತ್ತೆ ಗೋಪ್ಯಗೊಳಿಸಿತು, ಪಾವತಿಯ ಮೊತ್ತವನ್ನು ಮಾತ್ರ ಬಹಿರಂಗವಾಗಿಯೇ ಬಿಟ್ಟಿತು.

ಕೌಂಟಿ ಮಟ್ಟದಲ್ಲಿ ತೀರ್ಮಾನ ಮಾಡುವವರು ಯಾರು ಎಂಬುದೂ ನಿಮಗೆ ತಿಳಿದಿರಲಿ. ಎಫ್‌ಎಸ್‌ಎ ಕಚೇರಿಯ ಮೇಲೆ ರೈತರೇ ಅಂಚೆ ಮತಪತ್ರದ ಮೂಲಕ ಮೂರು ವರ್ಷಕ್ಕೆ ಆರಿಸುವ ಕೌಂಟಿ ಸಮಿತಿ ಇರುತ್ತದೆ. 1930ರ ದಶಕದಿಂದ ನಡೆದುಬಂದ ಈ ವ್ಯವಸ್ಥೆಯಲ್ಲಿ ಸ್ಥಳೀಯ ತಿಳಿವಳಿಕೆಯ ಲಾಭವೂ ಇದೆ, ಸ್ಥಳೀಯ ಬಲಾಢ್ಯರ ಕೈವಾಡದ ಅಪಾಯವೂ ಇದೆ. 1933ರ ಮೊದಲ ಕಾಯ್ದೆಯಡಿ ಹತ್ತಿ ಬೆಳೆಯನ್ನು ಕಡಿಮೆ ಮಾಡಲು ಕೊಟ್ಟ ಹಣ ದಕ್ಷಿಣದಲ್ಲಿ ಭೂಮಾಲೀಕರ ಕೈ ಸೇರಿ, ಪಾಲಿಗೆ ಮಾಡುತ್ತಿದ್ದ ಬಡವರು, ಅವರಲ್ಲಿ ಬಹಳಷ್ಟು ಕಪ್ಪು ಜನರು, ಹೊಲದಿಂದ ಹೊರಬಿದ್ದರು. 1934ರಲ್ಲಿ ಅರ್ಕಾನ್ಸಾದಲ್ಲಿ ಗೇಣಿದಾರರು ತಮ್ಮದೇ ಸಂಘ ಕಟ್ಟಿದ್ದು ಇದೇ ಕಾರಣಕ್ಕೆ. ಸಾಲ ಮತ್ತು ನೆರವಿನಲ್ಲಿ ಜನಾಂಗ ಭೇದ ಮಾಡಿದ್ದಕ್ಕಾಗಿ ಕಪ್ಪು ರೈತರು ಕೃಷಿ ಇಲಾಖೆಯ ಮೇಲೆ ಹೂಡಿದ ಪಿಗ್‌ಫರ್ಡ್ ದಾವೆ 1999ರಲ್ಲಿ ರಾಜಿಯಾಗುವವರೆಗೂ ಈ ಗಾಯಕ್ಕೆ ಮದ್ದೇ ಇರಲಿಲ್ಲ.

ನಿಮ್ಮ ತಂದೆಯವರ 6,000 ರೂಪಾಯಿಯ ವಿಷಯಕ್ಕೆ ಬಂದರೆ, ಪಿಎಂ-ಕಿಸಾನ್ 2019ರಿಂದ ಭೂಮಿ ಉಳ್ಳ ಅರ್ಹ ರೈತ ಕುಟುಂಬಗಳಿಗೆ ಎಕರೆಯನ್ನು ನೋಡದೆ ಒಂದೇ ಮೊತ್ತ ಕೊಡುತ್ತದೆ. ಇಲ್ಲಿನದು ಎಕರೆಗೆ ಅನುಗುಣ, ಅಲ್ಲಿನದು ಕುಟುಂಬಕ್ಕೆ ಸಮಾನ. ಸಮಾನತೆಯ ದೃಷ್ಟಿಯಿಂದ ನಮ್ಮ ಯೋಜನೆಯೇ ಮೇಲು. ಆದರೆ ಎರಡು ಕಡೆ ನಾವು ಹಿಂದಿದ್ದೇವೆ. 2025-26ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ ಎಂದು ಘೋಷಣೆಯಾಯಿತು, ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿಳಿದಾಗ ಖರೀದಿಗಾಗಿ ಹಾವೇರಿ, ಗದಗ ಸೀಮೆಯ ರೈತರು ಬೀದಿಗಿಳಿಯಬೇಕಾಯಿತು. ಯೋಜನೆಗೆ ನೋಂದಾಯಿಸಿಕೊಂಡ ಮೆಕ್ಲೀನ್‌ನ ರೈತನಿಗೆ ಆಧಾರ ಬೆಲೆಯ ವ್ಯತ್ಯಾಸ ತಡವಾಗಿಯಾದರೂ ಬೀದಿಗಿಳಿಯದೆಯೇ ಖಾತೆಗೆ ಬರುತ್ತದೆ. ಇನ್ನೊಂದು, ಲಾವಣಿಗೆ ಹಾಕಿಕೊಂಡು ಉಳುವವನದು. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ಗೇಣಿ ಕಾನೂನಿನ ಕಣ್ಣಿಗೆ ಇಲ್ಲವಾದದ್ದರಿಂದ ಬಾಯಿಮಾತಿನ ಮೇಲೆ ಉಳುವವನಿಗೆ ಪಹಣಿಯೂ ಇಲ್ಲ, ಪಿಎಂ-ಕಿಸಾನ್ ಕೂಡ ಇಲ್ಲ. ಇಲ್ಲಿ ನಗದು ಗೇಣಿದಾರನೇ ಮೊದಲ ಹಕ್ಕುದಾರ. ಇಲ್ಲಿನ ಸಹಾಯಧನ ತೆರಿಗೆಗೆ ಒಳಪಟ್ಟ ಆದಾಯ ಎಂಬುದನ್ನೂ ಹೋಲಿಸುವಾಗ ನೆನಪಿಡಿ.

ಕೊನೆಯದಾಗಿ 40 ಎಕರೆ. ಈ ಹಣದ ಆಸೆಯಿಂದ ಭೂಮಿ ಕೊಳ್ಳಬೇಡಿ. ಮೆಕ್ಲೀನ್‌ನ ಒಳ್ಳೆಯ ಕಪ್ಪು ಮಣ್ಣು ಎಕರೆಗೆ ಹತ್ತು ಸಾವಿರ ಡಾಲರ್‌ಗಿಂತ ಬಹಳ ಮೇಲಿದೆ, ಎಂದರೆ 40 ಎಕರೆಗೆ ನಾಲ್ಕು ಲಕ್ಷ ಡಾಲರ್ ಮೀರಿದ ಹೂಡಿಕೆ. ಅದರಲ್ಲಿ 20 ಎಕರೆ ಮೆಕ್ಕೆಜೋಳದ ಬೇಸ್ ಇದ್ದರೆ ಮೇಲಿನ ಉದಾಹರಣೆಯ ದರದಲ್ಲಿ ಕಡಿತ ಕಳೆದು ಬರುವುದು ಸುಮಾರು 721 ಡಾಲರ್. ಬೆಲೆ ಚೆನ್ನಾಗಿದ್ದ ವರ್ಷ ಸೊನ್ನೆ. ನೀವು ನಗದು ಗೇಣಿಗೆ ಕೊಟ್ಟರೆ ಅದೂ ನಿಮ್ಮದಲ್ಲ, ಉಳುವವನದು. ಬೇರೆ ಕಾರಣಕ್ಕೆ ಕೊಳ್ಳುವುದಾದರೆ, ಮಾರುವವರಿಂದ ಆ ಜಮೀನಿನ ಎಫ್‌ಎಸ್‌ಎ-156ಇಝಡ್ ಎಂಬ ದಾಖಲೆಯನ್ನು ಕೇಳಿ ಪಡೆಯಿರಿ. ಬೇಸ್ ಎಷ್ಟು, ಯಾವ ಬೆಳೆಗೆ, ದಾಖಲಾದ ಇಳುವರಿ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ.

ನಿಮ್ಮ ವೀಸಾದ ವಿಷಯವನ್ನು ನೀವು ಬರೆದಿಲ್ಲ, ಆದರೆ ಅದು ಮುಖ್ಯ. ಪೌರರೂ ಗ್ರೀನ್ ಕಾರ್ಡ್ ಹೊಂದಿದವರೂ ಈ ಯೋಜನೆಗಳಿಗೆ ಅರ್ಹರು. ಎಚ್-1ಬಿ ವೀಸಾದಲ್ಲಿರುವವರು ಭೂಮಿ ಮತ್ತು ಬಂಡವಾಳದೊಂದಿಗೆ ಗಣನೀಯ ಪ್ರಮಾಣದ ಸ್ವಂತ ದೈಹಿಕ ದುಡಿಮೆಯನ್ನೂ ತೋರಿಸಬೇಕಾಗುತ್ತದೆ, ಕಂಪನಿಯ ಕೆಲಸದ ಷರತ್ತಿನೊಳಗೆ ಅದು ಸಾಧ್ಯವಾಗುವಂಥದ್ದಲ್ಲ. ಅದಕ್ಕಿಂತ ಗಂಭೀರವಾದದ್ದು 1978ರ ಕಾನೂನಿನ ಹೊಣೆ: ಗ್ರೀನ್ ಕಾರ್ಡ್ ಇಲ್ಲದ ವಿದೇಶಿಯರು ಕೃಷಿ ಭೂಮಿ ಕೊಂಡರೆ 90 ದಿನಗಳೊಳಗೆ ಕೃಷಿ ಇಲಾಖೆಗೆ ವರದಿ ಸಲ್ಲಿಸಲೇಬೇಕು, ತಪ್ಪಿದರೆ ಭೂಮಿಯ ಮಾರುಕಟ್ಟೆ ಮೌಲ್ಯದ ಶೇ. 25ರವರೆಗೆ ದಂಡ ವಿಧಿಸಬಹುದು. ಗೆಳೆಯರು ಸೇರಿ ಮಾಡಿಕೊಂಡ ಕಂಪನಿಯ ಹೆಸರಿನಲ್ಲಿ ಕೊಂಡರೂ, ಪಾಲುದಾರರಲ್ಲಿ ವಿದೇಶಿಯರ ಹಿಡಿತ ಎಷ್ಟಿದೆ ಎಂಬುದರ ಮೇಲೆ ಈ ಹೊಣೆ ನಿಲ್ಲುತ್ತದೆ. ಆದ್ದರಿಂದ ಕರಾರಿಗೆ ಸಹಿ ಹಾಕುವ ಮೊದಲು ನಿಮ್ಮ ಕೌಂಟಿಯ ಎಫ್‌ಎಸ್‌ಎ ಕಚೇರಿಗೆ ಹೋಗಿ, ವರದಿಗೆ ಬೇಕಾದ ಎಫ್‌ಎಸ್‌ಎ-153 ನಮೂನೆಯನ್ನು ಕೇಳಿ ಪಡೆದು, ಕೃಷಿ ಭೂಮಿಯ ವ್ಯವಹಾರ ತಿಳಿದ ವಕೀಲರೊಬ್ಬರಿಗೆ ತೋರಿಸಿ.